‘ಸ್ಟ್ಯಾನ್’ ಅಂದ್ರೆ ಬೈಗುಳವೋ, ಬಿರುದೋ?

ಪ್ರಶ್ನೆ: ನನ್ನ ಮಗಳು ತಾನು ಒಬ್ಬ ಗಾಯಕಿಯ ‘ಸ್ಟ್ಯಾನ್’ ಅಂತ ಹೇಳಿಕೊಳ್ಳುತ್ತಾಳೆ. ‘ಫ್ಯಾನ್’ ಅಂತ ಬರೆಯೋಕೆ ಹೋಗಿ ತಪ್ಪು ಮಾಡಿದ್ದಾಳೆ ಅಂದುಕೊಂಡಿದ್ದೆ. ಏನಿದು?

ತಪ್ಪೇನೂ ಮಾಡಿಲ್ಲ. ಸ್ಟ್ಯಾನ್ ಅಂದ್ರೆ ಕಟ್ಟಾ ಅಭಿಮಾನಿ. ಅದಕ್ಕಿಂತ ಒಂದು ಕೈ ಜಾಸ್ತಿ ಅಂತಲೇ ಹೇಳಬೇಕು. ಹಾಡು ಕೇಳಿ ಖುಷಿಪಟ್ಟು ತಮ್ಮ ಕೆಲಸ ನೋಡಿಕೊಳ್ಳುವವರು ಫ್ಯಾನ್. ಆಲ್ಬಂ ಬಿಡುಗಡೆಗೆ ನಿದ್ದೆಗೆಟ್ಟು ಕಾದು, ಸ್ಟ್ರೀಮಿಂಗ್ ಲೆಕ್ಕ ಏರಲಿ ಅಂತ ಅದೇ ಹಾಡನ್ನು ಹತ್ತಾರು ಸಲ ಹಾಕಿ, ಯಾರಾದರೂ ‘ಪರವಾಗಿಲ್ಲ’ ಅಂದರೂ ಜಗಳಕ್ಕೆ ನಿಲ್ಲುವವರು ಸ್ಟ್ಯಾನ್.

ಈ ಪದ ಹುಟ್ಟಿದ ಕಥೆ ಮಾತ್ರ ಅಷ್ಟು ತಮಾಷೆಯದಲ್ಲ. 2000ರಲ್ಲಿ ಅಮೆರಿಕದ ರ‍್ಯಾಪರ್ ಎಮಿನೆಮ್ ‘ಸ್ಟ್ಯಾನ್’ ಎಂಬ ಹಾಡು ಹಾಡಿದರು. ಸ್ಟ್ಯಾನ್ ಅದರಲ್ಲಿ ಬರುವ ಅಭಿಮಾನಿಯ ಹೆಸರು. ಅವನು ನೆಚ್ಚಿನ ಗಾಯಕನಿಗೆ ಪತ್ರ ಬರೆಯುತ್ತಾನೆ. ಉತ್ತರ ಬರುವುದಿಲ್ಲ. ಇನ್ನೊಂದು ಬರೆಯುತ್ತಾನೆ, ಸಿಟ್ಟು ಏರುತ್ತದೆ. ಕೊನೆಯದು ಪತ್ರವೂ ಅಲ್ಲ: ಗರ್ಭಿಣಿ ಗೆಳತಿಯನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು, ಗಾಡಿ ಓಡಿಸುತ್ತಲೇ ಕ್ಯಾಸೆಟ್‌ನಲ್ಲಿ ತನ್ನ ಮಾತು ರೆಕಾರ್ಡ್ ಮಾಡುತ್ತಾನೆ. ಕಾರು ಸೇತುವೆಯಿಂದ ಕೆಳಗೆ ಬೀಳುತ್ತದೆ. ಆಮೇಲೆ ಗಾಯಕ ಸಮಾಧಾನದಿಂದ ಉತ್ತರ ಬರೆಯಲು ಕೂರುತ್ತಾನೆ. ಹೀಗೊಂದು ಸುದ್ದಿ ನೋಡಿದೆ ಅಂತ ಬರೆಯುತ್ತಿರುವಾಗಲೇ, ಅದು ಇದೇ ಹುಡುಗ ಅಂತ ಅವನಿಗೆ ಹೊಳೆಯುತ್ತದೆ.

ಹಾಗಾಗಿ ಮೊದಮೊದಲು ಇದು ಶುದ್ಧ ಬೈಗುಳ. 2001ರಲ್ಲಿ ರ‍್ಯಾಪರ್ ನ್ಯಾಸ್ ತಮ್ಮ ಎದುರಾಳಿ ಜೇ-ಝೀಯನ್ನು ಹೀಗಳೆಯಲು ಒಂದು ಹಾಡಿನಲ್ಲಿ ಇದನ್ನೇ ಬಳಸಿದರು. ಮುಂದೆ ಇಂಟರ್ನೆಟ್‌ನ ಹುಡುಗ ಹುಡುಗಿಯರು ‘ಹೌದು, ನಮಗೆ ಹುಚ್ಚೇ, ಏನೀಗ?’ ಅಂತ ಅದನ್ನು ಬಿರುದು ಮಾಡಿಕೊಂಡರು. 2019ರಲ್ಲಿ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೂ ಸೇರಿತು. ‘ಸ್ಟಾಕರ್’ (ಬೆನ್ನುಬಿಡದೆ ಹಿಂಬಾಲಿಸಿ ಕಾಡುವವರು) ಮತ್ತು ‘ಫ್ಯಾನ್’ ಸೇರಿ ಸ್ಟ್ಯಾನ್ ಆಯಿತು ಅಂತ ಹೇಳುವವರೂ ಇದ್ದಾರೆ. ಕೇಳೋಕೆ ಚೆನ್ನಾಗಿದೆ, ಆದರೆ ನಿಘಂಟು ಬೊಟ್ಟು ಮಾಡುವುದು ಆ ಹಾಡಿನ ಹುಡುಗನ ಕಡೆಗೇ.

ಇಂಗ್ಲಿಷ್‌ನಲ್ಲಿ ಇದು ಕ್ರಿಯಾಪದವೂ ಹೌದು. ‘ಅವಳನ್ನು ಸ್ಟ್ಯಾನ್ ಮಾಡ್ತೀನಿ’ ಅನ್ನೋದು ಅಲ್ಲಿಂದ ಬಂದದ್ದು. ನನ್ನ ಕಿವಿಗೆ ಯಾಕೋ ಒರಟಾಗಿ ಕೇಳುತ್ತದೆ, ‘ಅವಳ ಸ್ಟ್ಯಾನ್’ ಅಂದರೆ ಸಾಕಲ್ವಾ? ಗಾಯಕರಿಗಷ್ಟೇ ಅಲ್ಲ, ಆಟಗಾರರಿಗೆ, ಸೀರಿಯಲ್ ಪಾತ್ರಗಳಿಗೂ ಸ್ಟ್ಯಾನ್‌ಗಳಿದ್ದಾರೆ.

ಒಂದು ಎಚ್ಚರ. ನಿಮ್ಮ ಮಗಳು ತನ್ನನ್ನೇ ಹಾಗೆ ಕರೆದುಕೊಂಡರೆ ಅದು ಹೆಮ್ಮೆ. ವಾದದ ಮಧ್ಯೆ ಬೇರೆಯವರು ‘ನೀನು ಬರೀ ಸ್ಟ್ಯಾನ್’ ಅಂದರೆ, ಕಣ್ಣುಮುಚ್ಚಿ ನಂಬುವವಳು ಅಂತ ಹಂಗಿಸಿದ ಹಾಗೆ.