ಸೈಕಲ್ ರೇಸಿನ ಫೋಟೊಕ್ಕೆ ಶಟರ್ ಸ್ಪೀಡ್ ಎಷ್ಟಿಡಬೇಕು?

“ಸರ್, ನಾಳೆ ಸೈಕಲ್ ರೇಸಿನ ಫೋಟೊ ತೆಗೆಯಲಿಕ್ಕುಂಟು. ಶಟರ್ 1/4000ಕ್ಕೆ ಇಟ್ಟರೆ ಸಾಕಾ, ಇನ್ನೂ ಜಾಸ್ತಿ ಬೇಕಾ?”

ಮಂಗಳೂರಿನಲ್ಲೋ ಉಡುಪಿಯಲ್ಲೋ ಭಾನುವಾರ ರೇಸ್ ಇದೆ ಎಂದಾದರೆ ಶನಿವಾರ ರಾತ್ರಿಯೊಳಗೆ ಈ ಪ್ರಶ್ನೆ ಬಂದೇ ಬರುತ್ತದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಕುಟ್ಟಿ ಸಾಕಾಯಿತು. ಇನ್ನು ಯಾರು ಕೇಳಿದರೂ ಇದನ್ನೇ ಕಳಿಸುವುದು.

ಶಟರ್ ಸ್ಪೀಡ್ ಎಂದರೆ ಕ್ಯಾಮೆರಾದೊಳಕ್ಕೆ ಬೆಳಕು ಬೀಳುವ ಹೊತ್ತು; 1/1000 ಎಂದರೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು. ಎದುರಿನಿಂದ ಬರುವ ಸವಾರರಿಗೆ 1/1000 ಧಾರಾಳ. ಪಕ್ಕದಿಂದ ಹಾದುಹೋಗುವವರಿಗೆ 1/125ರಿಂದ ಶುರು ಮಾಡಿ, ಕೈ ಪಳಗಿದ ಮೇಲೆ 1/60ಕ್ಕೆ ಇಳಿಯಿರಿ. 1/4000 ಬೇಡವೇ ಬೇಡ.

“ಇಳಿಯುವುದಾ? ವೇಗವಾಗಿ ಓಡುವುದಕ್ಕೆ ವೇಗದ ಶಟರ್ ಅಲ್ವಾ?” ಅಲ್ಲ ಮಾರಾಯ್ರೆ. ಈ ನಂಬಿಕೆ ನಮ್ಮಲ್ಲಿ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು: ಕಂಬಳದಿಂದ. ಇಲ್ಲಿ ಕ್ಯಾಮೆರಾ ಹಿಡಿದವರಲ್ಲಿ ಬಹಳಷ್ಟು ಮಂದಿ ಓಟದ ಫೋಟೊ ಕಲಿತದ್ದೇ ಕಂಬಳದ ಕರೆಯ (ಕೋಣಗಳು ಓಡುವ ಕೆಸರಿನ ಓಣಿಯ) ಬದಿಯಲ್ಲಿ ನಿಂತು. ಅಲ್ಲಿ 1/2000 ಸರಿಯೇ. ಕೋಣಗಳ ಕಾಲಡಿಯಿಂದ ಎದ್ದ ಕೆಸರುನೀರು ಹನಿಹನಿಯಾಗಿ ಗಾಳಿಯಲ್ಲಿ ನಿಂತಿರುತ್ತದಲ್ಲ, ಓಟದ ರಭಸವನ್ನು ಆ ನೀರೇ ಹೇಳುತ್ತದೆ. ಸೈಕಲ್ ಓಡುವುದು ಒಣ ಡಾಂಬರಿನ ಮೇಲೆ. ಅಲ್ಲಿ ಎಲ್ಲವನ್ನೂ ಹೆಪ್ಪುಗಟ್ಟಿಸಿದರೆ ವೇಗಕ್ಕೆ ಸಾಕ್ಷಿ ಹೇಳುವವರೇ ಇಲ್ಲ. ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂತು ಪೋಸ್ ಕೊಟ್ಟ ಹಾಗೆ ಕಾಣುತ್ತದೆ.

ಲೆಕ್ಕ ಬೇಕೆಂದರೆ ಲೆಕ್ಕವೇ ಇರಲಿ. ಗಂಟೆಗೆ 40 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 11 ಮೀಟರ್. 1/4000ರಲ್ಲಿ ಸೈಕಲ್ ಸರಿಯುವುದು 3 ಮಿಲಿಮೀಟರಿಗಿಂತ ಕಡಿಮೆ, 1/1000ರಲ್ಲಿ ಒಂದು ಸೆಂಟಿಮೀಟರಿಗೆ ತುಸು ಹೆಚ್ಚು, 1/60ರಲ್ಲಿ 18 ಸೆಂಟಿಮೀಟರ್. ಈ 18 ಸೆಂಟಿಮೀಟರಿಗೆ ಹೆದರಬೇಕಿಲ್ಲ. ಸವಾರನ ಜತೆಗೆ ಕ್ಯಾಮೆರಾವೂ ಅಷ್ಟೇ ವೇಗದಲ್ಲಿ ತಿರುಗಿದರೆ ಸವಾರ ಸ್ಪಷ್ಟವಾಗಿ ಉಳಿದು, ಹಿನ್ನೆಲೆ ಎಳೆಎಳೆಯಾಗಿ ಹರಿದುಹೋಗುತ್ತದೆ. ಪ್ಯಾನಿಂಗ್ ಎನ್ನುವುದು ಇದಕ್ಕೇ. ಇನ್ನು 1/125ರಿಂದ 1/4000ಕ್ಕೆ ಏರಿದರೆ ಬೆಳಕು 32ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐಎಸ್‌ಒ 200ರಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ 6400 ಬೇಕು. ಈ ಸಂಖ್ಯೆ ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸಿಕೊಳ್ಳುತ್ತದೆ ಎನ್ನುವುದರ ಅಳತೆ; ಏರಿಸಿದಷ್ಟೂ ಫೋಟೊದಲ್ಲಿ ಚುಕ್ಕೆ ಏಳುತ್ತದೆ. ಬೆಳಗ್ಗೆ ಆರೂವರೆಗೆ ತೆಗೆದ ಫೋಟೊದಲ್ಲಿ ರವೆ ಚೆಲ್ಲಿದೆ ಎಂದು ಕ್ಯಾಮೆರಾವನ್ನು ಬೈಯುವವರು ಇದನ್ನೊಮ್ಮೆ ಯೋಚಿಸಿ.

ಚಕ್ರವನ್ನೂ ನೋಡಿ. ಉರುಳುವ ಚಕ್ರದಲ್ಲಿ ನೆಲಕ್ಕೆ ತಾಗಿದ ಬಿಂದು ಆ ಕ್ಷಣಕ್ಕೆ ನಿಂತೇ ಇರುತ್ತದೆ, ಮೇಲ್ತುದಿ ಸೈಕಲಿನ ಎರಡು ಪಟ್ಟು ವೇಗದಲ್ಲಿ ಓಡುತ್ತದೆ. ಕ್ಯಾಮೆರಾ ಅಲ್ಲಾಡಿಸದೆ 1/250ರಲ್ಲಿ ತೆಗೆದ ಫೋಟೊವನ್ನು ದೊಡ್ಡದು ಮಾಡಿದರೆ ಕೆಳಗಿನ ಕಡ್ಡಿಗಳನ್ನು ಎಣಿಸಬಹುದು, ಮೇಲಿನವು ಕಲಸಿಹೋಗಿರುತ್ತವೆ. ಸರಿಯಾಗಿ ಪ್ಯಾನ್ ಮಾಡಿದ ಫೋಟೊದಲ್ಲಿ ಇಡೀ ಚಕ್ರ ಒಂದೇ ಸಮ ಸುತ್ತುತ್ತಿರುತ್ತದೆ. ಇದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಮಾಡುವ ಕ್ರಮ ಸುಲಭ. ಕ್ಲಿಕ್ ಮಾಡಬೇಕಾದ ಜಾಗಕ್ಕೆ ಪಾದ ತಿರುಗಿಸಿ ನಿಂತು, ಸೊಂಟ ಮಾತ್ರ ಹೊರಳಿಸಿ ಸವಾರನನ್ನು ದೂರದಿಂದಲೇ ಹಿಂಬಾಲಿಸಿ. ಒತ್ತಿದ ಮೇಲೂ ಕೈ ನಿಲ್ಲಿಸಬೇಡಿ. ನೂರಕ್ಕೆ ತೊಂಬತ್ತು ಮಂದಿ ಎಡವುವುದು ಅಲ್ಲೇ. ಆಟೊಫೋಕಸ್, ಓಡುವುದನ್ನು ಬಿಡದೆ ಹಿಂಬಾಲಿಸುವ ಸತತ ಮೋಡಿನಲ್ಲಿರಲಿ. ಬಿಸಿಲೇರಿದರೆ ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ) ಎಫ್/16ರಷ್ಟು ಕಿರಿದು. ಕ್ಯಾಮೆರಾ ಜತೆಗೇ ಬರುವ ಕಿಟ್ ಲೆನ್ಸ್ ಸಾಕಾ? ಸಾಕು. ಕಲಿಯುವವರು ಉಡುಪಿಯ ಇಂದ್ರಾಳಿಯಿಂದ ಮಣಿಪಾಲಕ್ಕೆ ಏರುವ ದಾರಿಯಂಥ ಕಡೆ ನಿಲ್ಲಿ. ಏರಿನಲ್ಲಿ ಸವಾರರು ನಿಧಾನ, ಮುಖದಲ್ಲಿ ಪಾಡೂ ಕಾಣುತ್ತದೆ.

ಮಟ್ಟು, ಕೋಡಿಬೆಂಗ್ರೆ ಕಡೆಯ ಕಡಲಬದಿಯ ರಸ್ತೆಯಲ್ಲಿ ಒಂದು ಇಕ್ಕಟ್ಟುಂಟು. ಬೆಳಗ್ಗೆ ರಸ್ತೆಯ ಪೂರ್ವಬದಿಯಲ್ಲಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗೆ, ಸವಾರರ ಹಿಂದೆ ಸಮುದ್ರ. ಚಂದವೇ. ಆದರೆ ಖಾಲಿ ಕಡಲಿನ ಮುಂದೆ ಎಷ್ಟು ಪ್ಯಾನ್ ಮಾಡಿದರೂ ಎಳೆ ಮೂಡುವುದಿಲ್ಲ. ಎಳೆ ಬೇಕಾದರೆ ಹಿಂದೆ ತೆಂಗಿನ ಸಾಲೋ, ಬೇಲಿಯೋ, ಜನರೋ ಇರಬೇಕು, ಅದಕ್ಕೆ ಕಡಲ ಕಡೆಯಿಂದ ತೆಗೆಯಬೇಕು, ಆಗ ಬಿಸಿಲು ಕಣ್ಣಿಗೆ. ನಾನಾದರೆ ಬಿಸಿಲೇರುವ ಮೊದಲೇ ತೆಂಗಿನ ಸಾಲಿನ ಫೋಟೊ ಮುಗಿಸಿ, ಆಮೇಲೆ ರಸ್ತೆ ದಾಟುತ್ತೇನೆ.

ದಾಟುವಾಗ ಜಾಗ್ರತೆ. 1994ರ ಟೂರ್ ಡಿ ಫ್ರಾನ್ಸ್‌ನಲ್ಲಿ, ಅರ್ಮಾಂತಿಯೇರಿನ ಫಿನಿಶ್ ಹತ್ತಿರ, ಬಂದೋಬಸ್ತಿನ ಪೊಲೀಸನೇ ಫೋಟೊ ತೆಗೆಯುವ ಭರದಲ್ಲಿ ಮುಂದಕ್ಕೆ ಬಾಗಿದ್ದ. ಸವಾರ ವಿಲ್ಫ್ರೀಡ್ ನೆಲಿಸೆನ್ ಅವನಿಗೆ ಗುದ್ದಿದ. ಇನ್ನೊಬ್ಬ ಸವಾರ ಲೊರಾಂ ಜಲಬೇರ್ ಕೂಡ ಉರುಳಿ ಮುಖ ಒಡೆದುಕೊಂಡ. ಇಬ್ಬರ ಟೂರೂ ಅಲ್ಲಿಗೇ ಮುಗಿಯಿತು. ಲೆನ್ಸಿನೊಳಗಿಂದ ನೋಡುವವನಿಗೆ ದೂರದ ಅಂದಾಜು ಸಿಗುವುದಿಲ್ಲ. ಫ್ಲ್ಯಾಶಂತೂ ಮುಟ್ಟಲೇಬೇಡಿ.

ಯಾರೂ ಕೇಳದ್ದು ಒಂದುಂಟು, ನಮ್ಮೂರಿನ ಸೆಕೆಯಲ್ಲಿ ಅದನ್ನು ಹೇಳದೆ ನಿರ್ವಾಹವಿಲ್ಲ. ಎಸಿ ಹಾಕಿದ ಕಾರಿನಿಂದ ಇಳಿದು ಕ್ಯಾಮೆರಾ ಹೊರತೆಗೆದ ಕೂಡಲೇ ಲೆನ್ಸಿಗೆ ಮಂಜು ಹಿಡಿಯುತ್ತದೆ. ಒರೆಸಬೇಡಿ, ಲೆನ್ಸ್ ಕಳಚಲೂ ಬೇಡಿ. ರೇಸಿಗೆ ಅರ್ಧ ಗಂಟೆ ಮುಂಚೆ ಬ್ಯಾಗನ್ನು ಹೊರಗಿಡಿ, ಅದು ತಾನಾಗಿ ಬಿಸಿಯಾಗಲಿ. ಕಡಲಗಾಳಿಯ ಉಪ್ಪು ಕೂತಿದ್ದರೆ ಮೊದಲು ಬ್ಲೋವರ್ (ಒತ್ತಿದರೆ ಗಾಳಿ ಊದುವ ರಬ್ಬರ್ ಬುರುಡೆ), ಆಮೇಲೆ ತುಸು ಒದ್ದೆ ಬಟ್ಟೆ. ಒಣ ಬಟ್ಟೆಯಲ್ಲಿ ಉಜ್ಜಿದರೆ ಗೀರು ಖಂಡಿತ. ಜೂನ್ ಬಂತೆಂದರೆ ಲೆನ್ಸಿನೊಳಗೆ ಫಂಗಸ್. ಚರ್ಮದ ಕವರಿನಲ್ಲಿಟ್ಟು ಕಪಾಟಿಗೆ ಹಾಕುವುದು ಅದಕ್ಕೆ ಮನೆ ಕಟ್ಟಿಕೊಟ್ಟಂತೆಯೇ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳುಗಳ ಜತೆ ಇಡಿ, ಒಳಗಿನ ತೇವಾಂಶ ಶೇ. 40ರಿಂದ 50ರ ನಡುವೆ ಇರಲಿ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಿಸಿ ಮಾಡಿ ಮತ್ತೆ ಬಳಸಬಹುದು. ಆದರೆ ಆ ನೀಲಿ ಬಣ್ಣ ಕೋಬಾಲ್ಟಿನದ್ದು, ಹೊಟ್ಟೆಗೆ ಹೋದರೆ ವಿಷ, ಅದಕ್ಕೆ ಅಡುಗೆಮನೆಯ ಬಾಣಲೆ ಬೇಡ, ಬೇರೆಯೇ ಒಂದು ಹಳೆಯದನ್ನು ಇಟ್ಟುಕೊಳ್ಳಿ.