ಕ್ರೈಂ ಶಾರ್ಟ್ ಫಿಲ್ಮ್ ಮಾಡ್ತೀರಾ? ಮೊದ್ಲು ಸೌಂಡಿಗೆ ದುಡ್ಡು ಎತ್ತಿಡಿ

ದಾವಣಗೆರೆಲಿ ಶಾರ್ಟ್ ಫಿಲ್ಮ್ ಪ್ರೊಡಕ್ಷನ್ ಕೆಲಸ ನೋಡ್ಕೊಳ್ಳೋನು ನಾನು. ಕ್ರೈಂ ಕಥೆ ಹಿಡ್ಕೊಂಡು ಬರೋ ಹುಡುಗ್ರು ಮೊದ್ಲು ಕೇಳೋದೇ ಯಾವ ಕ್ಯಾಮೆರಾ ಬಾಡಿಗೆಗೆ ಸಿಗುತ್ತೆ ಅಂತ, ಸೌಂಡ್ ಯಾರು ಮಾಡ್ತಾರೆ ಅನ್ನೋ ಪ್ರಶ್ನೆನೇ ಬರಲ್ಲ. ಆದ್ರೆ ಇಂಥ ಕಥೇಲಿ ಭಯ ಹುಟ್ಟೋದು ಕಿವಿಯಿಂದ, ರಾತ್ರಿ ಹೊತ್ತು ಹೊರಗಿನ ಚಿಲಕ ಯಾರೋ ಮೆಲ್ಲಗೆ ಸರಿಸೋ ಸದ್ದು ಸರಿಯಾಗಿ ಕೇಳಿದ್ರೆ ಕೊಲೆ ತೋರಿಸೋ ಅವಶ್ಯಕತೆನೇ ಇರಲ್ಲ. ಪಿಕ್ಚರಲ್ಲಿ ಸ್ವಲ್ಪ ಗ್ರೇನ್, ಅಂದ್ರೆ ಪುಡಿಪುಡಿ ಚುಕ್ಕೆ, ಬಂದ್ರೆ ಜನ ಸಹಿಸ್ಕೋತಾರೆ, ಡೈಲಾಗ್ ಕೇಳಿಸ್ದೇ ಇದ್ರೆ ಎದ್ದೋಗ್ತಾರೆ.

ಲೊಕೇಶನ್ ನೋಡಿ ಕಥೆ ಬರೀರಿ, ಕಥೆ ಬರ್ದು ಲೊಕೇಶನ್ ಹುಡುಕ್ಬೇಡಿ. ನಮ್ಮೂರ ಮಂಡಕ್ಕಿ ಭಟ್ಟಿಗಳನ್ನ ತಗೊಳ್ಳಿ, ಹೊಗೆ ಹಿಡಿದ ಕಪ್ಪು ಗೋಡೆ, ಒಲೆ ಬೆಂಕಿ, ಕಾದ ಮರಳಲ್ಲಿ ಅಕ್ಕಿ ಅರಳೋ ಚಟಪಟ, ಇಂಥ ಸೆಟ್ ಹಾಕೋಕೆ ಯಾವ ಆರ್ಟ್ ಡೈರೆಕ್ಟರ್ ಕೈಲೂ ಆಗಲ್ಲ. ಆದ್ರೆ ಆ ಕಪ್ಪು ಗೋಡೆ ಬೆಳಕನ್ನೆಲ್ಲಾ ನುಂಗುತ್ತೆ, ಹಾಗಾಗಿ ಆಕ್ಟರ್‌ನ ಬೆಂಕಿ ಕಡೆ ಮುಖ ಮಾಡಿ ನಿಲ್ಸಿ, ಎದುರುಗಡೆಯಿಂದ ಒಂದೇ ಒಂದು ಸಣ್ಣ ಲೈಟ್ ಸಾಕು. ಕೆಲಸ ನಡೀತಿರುವಾಗ ಡೈಲಾಗ್ ರೆಕಾರ್ಡ್ ಮಾಡೋಕೆ ಹೋಗ್ಬೇಡಿ, ಭಟ್ಟಿ ಸದ್ದನ್ನ ಬೇರೆಯಾಗಿ ಎರಡ್ಮೂರು ನಿಮಿಷ ಹಿಡ್ಕೊಂಡು ಎಡಿಟಿಂಗಲ್ಲಿ ಡೈಲಾಗ್ ಹಿಂದೆ ಮೆಲ್ಲಗೆ ಕೇಳೋ ಹಾಗೆ ಹಾಕ್ಕೊಳ್ಳಿ. ಇನ್ನೊಂದು, ಅಲ್ಲಿ ದುಡಿಯೋರಿಗೆ ಒಂದು ಗಂಟೆ ಕೆಲಸ ನಿಂತ್ರೂ ಕೂಲಿಗೆ ಹೊಡೆತ. ಮಾಲೀಕ್ರು ಹೂಂ ಅಂದ್ರು ಅಂತ ಸುಮ್ನಾಗ್ಬೇಡಿ, ನಿಂತ ಹೊತ್ತಿನ ಕೂಲಿ ಬಜೆಟ್ಟಲ್ಲೇ ಬರ್ಕೊಳ್ಳಿ, ಇದ್ರಲ್ಲಿ ನಾನು ರಾಜಿ ಆಗಲ್ಲ.

ನಮ್ ಕರೆಂಟ್ 50 ಹರ್ಟ್ಜ್, ಟ್ಯೂಬ್‌ಲೈಟ್ ಕೆಳಗೆ ಠಾಣೆ ಸೀನ್ ತೆಗೀವಾಗ ಕ್ಯಾಮೆರಾದ ಶಟರ್ ಸ್ಪೀಡ್ 1/50 ಸೆಕೆಂಡ್ ಇಡಿ, ಇಲ್ಲಾಂದ್ರೆ ಫ್ಲಿಕರ್ ಬರುತ್ತೆ, ಅಂದ್ರೆ ಪಿಕ್ಚರಲ್ಲಿ ಬೆಳಕು ಮಿಣುಕುತ್ತೆ.

ಠಾಣೆ ಅಂದ್ಮೇಲೆ ಕಾನೂನು ಸರಿ ಇರ್ಬೇಕಲ್ವಾ. ಕೊಲೆ ನಡೆದಿದ್ದು 2024ರ ಜುಲೈ 1 ಅಥವಾ ಆಮೇಲೆ ಅಂತ ಕಥೇಲಿದ್ರೆ ಇನ್‌ಸ್ಪೆಕ್ಟರ್ ಬಾಯಲ್ಲಿ ಕೊಲೆಗಿದ್ದ ಹಳೇ ಐಪಿಸಿ ಸೆಕ್ಷನ್ 'ತ್ರೀ ನಾಟ್ ಟೂ' ಬರಂಗಿಲ್ಲ, ಈಗ ಅದು ಭಾರತೀಯ ನ್ಯಾಯ ಸಂಹಿತೆ ಸೆಕ್ಷನ್ 103. ಅರೆಸ್ಟ್ ಮಾಡಿದವ್ರನ್ನ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸ್ಬೇಕು. ಎಷ್ಟೋ ಸ್ಕ್ರಿಪ್ಟಲ್ಲಿ ಮೂರು ದಿನ ಕೂಡಿಹಾಕಿ ಹೊಡೀತಾರೆ, ಅದು ಅಕ್ರಮ ಅಂತ ಬರೆದವ್ರಿಗೇ ಗೊತ್ತಿರಲ್ಲ. ನನ್ ಕೇಳಿದ್ರೆ ಆ 24 ಗಂಟೆನೇ ಕಥೆ ಮಾಡ್ಕೊಳ್ಳಿ, ಒಂದು ರೂಮು, ಇಬ್ರು ಆಕ್ಟರ್ಸು, ಒಂದು ಗಡಿಯಾರ, ಖರ್ಚೂ ಕಮ್ಮಿ.

ರೋಡಲ್ಲಿ ಹೆಣದ ಸೀನ್ ಇದ್ರೆ ಹಿಂದಿನ ದಿನವೇ ಆ ಏರಿಯಾ ಠಾಣೆಗೆ ಲೆಟರ್ ಕೊಟ್ಟು ಸೀಲ್ ಹಾಕಿಸ್ಕೊಂಡ ಕಾಪಿ ಸೆಟ್ಟಲ್ಲಿ ಇಟ್ಕೊಳ್ಳಿ, ರಕ್ತ ಹಚ್ಕೊಂಡು ಬಿದ್ದಿರೋರನ್ನ ನೋಡಿದ ದಾರಿಹೋಕರು 112ಕ್ಕೆ ಫೋನ್ ಮಾಡೋದು ಸಹಜ, ಮಾಡ್ಲೂಬೇಕು. ಡಮ್ಮಿ ಗನ್ ಆಗ್ಲಿ ಮಚ್ಚಾಗ್ಲಿ ಶಾಟ್ ಮುಗೀತಿದ್ದಂಗೆ ಬ್ಯಾಗೊಳಗೆ ಹೋಗ್ಬೇಕು, ಖಾಕಿ ಹಾಕ್ಕೊಂಡೇ ಟೀ ಅಂಗಡಿಗೆ ಹೋಗಂಗಿಲ್ಲ. ರಕ್ತಕ್ಕೆ ಬೇಕರಿ ಸಾಮಾನಿನ ಅಂಗಡೀಲಿ ಸಿಗೋ ಲಿಕ್ವಿಡ್ ಗ್ಲೂಕೋಸ್, ಕೆಂಪು ಫುಡ್ ಕಲರ್, ಚೂರು ಕೋಕೋ ಪುಡಿ. ಒಣಗಿದ ರಕ್ತ ಕಂದು ಬಣ್ಣ ಇರುತ್ತೆ, ಬೆಳಗ್ಗೆ ಸಿಕ್ಕ ಹೆಣದ ಮೇಲೆ ಫಳಫಳ ಕೆಂಪು ಕಂಡ್ರೆ ನೋಡೋರು ನಂಬಲ್ಲ.

ಕ್ಲೈಮ್ಯಾಕ್ಸ್ ಚಿತ್ರದುರ್ಗದ ಕೋಟೇಲಿ ಇರ್ಲಿ ಅಂತ ಎಲ್ರಿಗೂ ಆಸೆ. ಅದು ಭಾರತೀಯ ಪುರಾತತ್ವ ಇಲಾಖೆ ಕೈಲಿರೋ ಸ್ಮಾರಕ, ಫಿಲ್ಮ್ ಶೂಟಿಂಗಿಗೆ ಮುಂಚಿತವಾಗೇ ಅರ್ಜಿ ಹಾಕಿ ಫೀಸ್ ಕಟ್ಬೇಕು, ಕದ್ದುಮುಚ್ಚಿ ಡ್ರೋನ್ ಹಾರಿಸೋದಂತೂ ಬೇಡ್ವೇ ಬೇಡ. ದುರ್ಗದ ಪಕ್ಕದ ಜೋಗಿಮಟ್ಟಿ ಕಾಡಿಗಾದ್ರೆ ಅರಣ್ಯ ಇಲಾಖೆನ ಕೇಳ್ಬೇಕು. ಸಣ್ಣ ಬಜೆಟ್ಟಿಗೆ ದುರ್ಗದ ಊರಾಚೆ ಪರಿಚಯದವ್ರ ಹೊಲದಲ್ಲಿರೋ ಬಂಡೆ ಸಾಕು, ಫ್ರೇಮಲ್ಲಿ ದುರ್ಗದ ಕಲ್ಲು ದುರ್ಗದ ಕಲ್ಲೇ.

ಎಡಿಟ್ ಮುಗಿದ ಖುಷೀಲಿ ಅವತ್ತೇ ಯೂಟ್ಯೂಬಿಗೆ ಹಾಕ್ಬೇಡಿ. ಆನ್‌ಲೈನಲ್ಲಿ ಬಂದಿರೋ ಫಿಲ್ಮನ್ನ ಕೆಲವು ಫೆಸ್ಟಿವಲ್‌ಗಳು ತಗೊಳ್ಳಲ್ಲ, ಮೊದ್ಲು ಅವುಗಳ ರೂಲ್ಸ್ ಓದಿ, ಎಲ್ಲೆಲ್ಲಿ ಕಳಿಸ್ಬೇಕೋ ಕಳಿಸಿ, ರಿಸಲ್ಟ್ ಬಂದ್ಮೇಲೆ ಅಪ್‌ಲೋಡ್ ಮಾಡಿ.