ಬರೆಯಲು ಕಷ್ಟಪಡುವ ಮಗುವಿಗೆ ಟೈಪಿಂಗ್ ಕಲಿಸಿದರೆ ಸೋಮಾರಿ ಆಗುತ್ತಾ?

ಪ್ರಶ್ನೆ: ಮಗ ಏಳನೇ ಕ್ಲಾಸು. ಪಾಠದ ಬಗ್ಗೆ ಬಾಯಲ್ಲಿ ಕೇಳಿದರೆ ಪಟಪಟ ಅಂತ ಹೇಳುತ್ತಾನೆ, ಬರೆಯೋಕೆ ಕೂರಿಸಿದರೆ ಎರಡು ಸಾಲಿಗೇ ಕೈ ನೋವು ಅಂತಾನೆ. ಡಿಸ್‌ಗ್ರಾಫಿಯಾ, ಅಂದರೆ ಬರೆಯುವುದರಲ್ಲಿ ಇರುವ ಕಲಿಕಾ ನ್ಯೂನತೆ, ಅಂದಿದ್ದಾರೆ. ಕಂಪ್ಯೂಟರ್‌ನಲ್ಲಿ ಬರೆಸಿ ನೋಡಿ ಅಂತಾರೆ. ಇರೋ ಕೈಬರಹವೂ ಹೋಗಿ ಸೋಮಾರಿ ಆಗಲ್ವಾ?

ಉತ್ತರ: ಆಗಲ್ಲ. ಅವನು ಈಗಲೇ ಬೇರೆಯವರಿಗಿಂತ ಜಾಸ್ತಿ ಕೆಲಸ ಮಾಡುತ್ತಿದ್ದಾನೆ, ಅದು ನಮಗೆ ಕಾಣುತ್ತಿಲ್ಲ ಅಷ್ಟೇ.

'ಅಕ್ಕ' ಅಂತ ಪೆನ್ನಲ್ಲಿ ಬರೆಯೋದನ್ನೇ ನೋಡಿ. ಕ ಬರೆಯಬೇಕು, ಅದರ ಕೆಳಗೆ ಸರಿಯಾದ ಜಾಗದಲ್ಲಿ ಒತ್ತು ಕೊಡಬೇಕು, ಅದು ಕೆಳಗಿನ ಗೆರೆಗೆ ತಾಗಬಾರದು, ಮುಂದಿನ ಪದಕ್ಕೆ ಜಾಗವನ್ನೂ ಬಿಡಬೇಕು. ನಮಗೆ ಇದೆಲ್ಲ ಕೈಗೆ ರೂಢಿ. ಇವನಿಗೆ ಪ್ರತಿ ಅಕ್ಷರವೂ ಹೊಸ ಚಿತ್ರ ಬಿಡಿಸಿದಂತೆ, ಹಾಗಾಗಿ ಅದು ಮುಗಿಯುವಷ್ಟರಲ್ಲಿ ಏನು ಹೇಳಬೇಕಿತ್ತು ಅನ್ನೋದೇ ಮರೆತುಹೋಗಿರುತ್ತದೆ. ನುಡಿ ಅನ್ನೋ ಕನ್ನಡ ಕೀಬೋರ್ಡ್‌ನಲ್ಲಾದರೆ a, k, f, k ಒತ್ತಿದರೆ ಸಾಕು (f ಅಂದರೆ ಒತ್ತು ಕೊಡುವ ಕೀ), ಒತ್ತು ತಾನೇ ಹೋಗಿ ಕೆಳಗೆ ಕೂರುತ್ತದೆ.

ಆದರೆ ಲ್ಯಾಪ್‌ಟಾಪ್ ಕೊಟ್ಟ ಮಾತ್ರಕ್ಕೆ ಕೆಲಸ ಆಗಲ್ಲ. ಒಂದೊಂದು ಕೀ ಹುಡುಕಿ ಒತ್ತುವ ಮಗುವಿಗೆ ಅದು ಪೆನ್ನಿಗಿಂತ ನಿಧಾನ. ದಿನಾ ಹತ್ತು ಹದಿನೈದು ನಿಮಿಷ, ಒಂದೇ ಕೀಲಿಮಣೆಯಲ್ಲಿ ಕೂರಿಸಿ. ಇವತ್ತು ನುಡಿ, ನಾಳೆ ಇನ್‌ಸ್ಕ್ರಿಪ್ಟ್, ನಾಡಿದ್ದು ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸೋದು, ಇದು ಮಾತ್ರ ಬೇಡ.

ನಿಜವಾದ ಲಾಭ ಇರುವುದು ತಿದ್ದುವುದರಲ್ಲಿ. ಕಾಗದದ ಮೇಲೆ ತಿದ್ದು ಅಂದರೆ ಇವನಿಗೆ ಮತ್ತೆ ಪೂರ್ತಿ ಬರೆಯುವ ಶಿಕ್ಷೆ, ಅದಕ್ಕೇ ಚಿಕ್ಕ ಚಿಕ್ಕ ವಾಕ್ಯ ಬರೆದು ಮುಗಿಸಿಬಿಡುತ್ತಾನೆ. ಪರದೆಯ ಮೇಲೆ ಸಾಲು ಎತ್ತಿ ಬೇರೆ ಕಡೆ ಇಡಬಹುದು, ನಡುವೆ ಇನ್ನೊಂದು ಸೇರಿಸಬಹುದು. ಹಾಗಂತ ಹೇಗೆ ತಿದ್ದಬೇಕು ಅನ್ನೋದನ್ನ ಯಾವ ಸಾಫ್ಟ್‌ವೇರೂ ಕಲಿಸಲ್ಲ. ಅಮೆರಿಕದಲ್ಲಿ ಇಂಥ ಮಕ್ಕಳ ಬರವಣಿಗೆಯನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದ ಚಾರ್ಲ್ಸ್ ಮ್ಯಾಕಾರ್ಥರ್ ಹೇಳುವುದೂ ಇದನ್ನೇ: ಪಕ್ಕದಲ್ಲಿ ಕೂತು ಕಲಿಸುವವರು ಇರಬೇಕು.

ಸ್ಪೆಲ್ ಚೆಕ್ ಮೇಲೆ ಜಾಸ್ತಿ ಭರವಸೆ ಬೇಡ. ಕನ್ನಡದಲ್ಲಿ ಒಂದೇ ಪದಕ್ಕೆ ಪ್ರತ್ಯಯದ ಮೇಲೆ ಪ್ರತ್ಯಯ ಸೇರುತ್ತಾ ಹೋಗುವುದರಿಂದ ಸರಿ ಇರುವ ಪದಕ್ಕೂ ಕೆಂಪು ಗೆರೆ ಬೀಳುತ್ತದೆ. ಆದರೆ 'ಅಮ್ಮ ಬಳೆಹಣ್ಣು ತಂದರು' ಅನ್ನೋದನ್ನ ಹಿಡಿಯುವ ಒಂದು ಉಪಾಯ ಇದೆ. ಬರೆದದ್ದನ್ನು ಆಂಡ್ರಾಯ್ಡ್ ಫೋನಿನ 'ಸೆಲೆಕ್ಟ್ ಟು ಸ್ಪೀಕ್'ನಲ್ಲಿ ಗಟ್ಟಿಯಾಗಿ ಓದಿಸಿ. ಕಣ್ಣಿಗೆ ಬೀಳದ ದೀರ್ಘ ಕಿವಿಗೆ ಬೀಳುತ್ತದೆ, ಹುಡುಗ ನಗುತ್ತಾ ತಾನೇ ತಿದ್ದುತ್ತಾನೆ.

ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿಯೂ ಬರೆಸಬಹುದು. ಬಾಯಲ್ಲಿ ಚೆನ್ನಾಗಿ ಹೇಳುವ ನಿಮ್ಮ ಮಗನಿಗೆ ಮೊದಲ ಕರಡಿಗೆ ಇದು ಸರಿಹೋಗಬಹುದು, ಆದರೆ 'ಹೋಗ್ತೀನಿ' ಅಂದರೆ 'ಹೋಗ್ತೀನಿ' ಅಂತಲೇ ಬರುತ್ತದೆ, ಅದನ್ನು 'ಹೋಗುತ್ತೇನೆ' ಮಾಡುವ ಕೆಲಸ ಅವನದೇ.

ಪೆನ್ನು ಪೂರ್ತಿ ಬಿಡಿಸಬೇಡಿ. ಲೆಕ್ಕ, ಚಿತ್ರ, ಸಹಿ, ಸಣ್ಣಪುಟ್ಟ ಟಿಪ್ಪಣಿ ಕೈಯಲ್ಲೇ ಇರಲಿ, ಪ್ರಬಂಧ ಮತ್ತು ಉದ್ದದ ಉತ್ತರ ಟೈಪಿಂಗ್‌ಗೆ ಹೋಗಲಿ.

ಪರೀಕ್ಷೆ ಏನು ಮಾಡೋದು ಅಂತ ನೀವು ಕೇಳೇ ಕೇಳ್ತೀರಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯು ಶೇ. 40 ಅಥವಾ ಅದಕ್ಕಿಂತ ಹೆಚ್ಚು ನ್ಯೂನತೆಯ ಪ್ರಮಾಣಪತ್ರ ಇರುವವರಿಗೆ ಕಂಪ್ಯೂಟರ್‌ನಲ್ಲಿ ಉತ್ತರಿಸುವ ಆಯ್ಕೆ ಕೊಟ್ಟಿತ್ತು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನೂ ಹೇಳಿತ್ತು. ಸಿಬಿಎಸ್ಇ ಕೂಡ ಇಂಟರ್ನೆಟ್ ಇಲ್ಲದ, ಫಾರ್ಮ್ಯಾಟ್ ಮಾಡಿದ ಕಂಪ್ಯೂಟರ್‌ಗೆ ಅವಕಾಶ ಕೊಡುತ್ತದೆ. ನಿಮ್ಮ ಬೋರ್ಡ್ ಯಾವುದನ್ನು ಒಪ್ಪುತ್ತದೆ ಅಂತ ಹತ್ತನೇ ಕ್ಲಾಸಿನವರೆಗೆ ಕಾಯದೆ ಈಗಲೇ ಶಾಲೆಯಲ್ಲಿ ಬರವಣಿಗೆಯಲ್ಲಿ ಕೇಳಿ. ಅದೇ 2018ರ ಮಾರ್ಗಸೂಚಿ ಪರೀಕ್ಷೆಯ ಹಿಂದಿನ ದಿನ ಕಂಪ್ಯೂಟರ್ ಪರೀಕ್ಷಿಸಲು ಬಿಡಬೇಕು ಅಂದಿತ್ತು. ಈಗಲೂ ಹಾಗೆ ಬಿಡುತ್ತಾರಾ ಅಂತ ಕೇಳಿ, ಆ ದಿನ ಹೋಗಿ, ಮಗ ಕಲಿತ ಕೀಲಿಮಣೆಯೇ ಅದರಲ್ಲಿ ಇದೆಯಾ ಅಂತ ಅವನ ಕೈಯಲ್ಲೇ ನಾಲ್ಕು ಸಾಲು ಟೈಪ್ ಮಾಡಿಸಿ ನೋಡಿ.